ಆಮ್ಯಾಲ ಕೇಳ್ತೇನಿ

ಮೂವತ್ತೊಂದು ವರ್ಷದ ನೌಕರಿಯಲ್ಲಿ ಮಚ್ಛೇಂದ್ರ ಒಂದೇ ಒಂದು ಫೈಲನ್ನೂ ಕಳೆದವನಲ್ಲ. ಇದನ್ನು ಊರು ಹೇಳುತ್ತಿತ್ತೋ ಇಲ್ಲವೋ, ಅವನಂತೂ ಹೇಳಿಕೊಳ್ಳುತ್ತಿದ್ದ. ಕೊಳಾರದ ಔಷಧ ಕಾರ್ಖಾನೆಗೆ ಯುನಿಕ್ಸ್ ಕಂಪ್ಯೂಟರ್ ಯಂತ್ರ ಬಂದ ದಿನದಿಂದ ಅದರ ಉಸ್ತುವಾರಿ ಅವನದೇ. ಯಂತ್ರ ನಾಲ್ಕು ಸಲ ಬದಲಾಯಿತು, ಮ್ಯಾನೇಜರುಗಳು ಒಂಬತ್ತು ಮಂದಿ ಬಂದು ಹೋದರು, ಕರಿ ಪರದೆಯ ಮುಂದೆ ಕೂತು ಬಿಳಿ ಅಕ್ಷರ ಹೊಡೆಯುವ ಮಚ್ಛೇಂದ್ರ ಮಾತ್ರ ಅಲ್ಲೇ ಇದ್ದ. ಯಾವ ಗುಳಿಗೆ ಯಾವ ದಿನ ಯಾವ ಪುಡಿಯಿಂದ ತಯಾರಾಯಿತು ಎಂಬ ದಾಖಲೆಯೆಲ್ಲ ಆ ಯಂತ್ರದೊಳಗೆ. ದಿನಾ ಸಂಜೆ ಅಷ್ಟನ್ನೂ ಟೇಪಿಗೆ ಇಳಿಸಿ, ಟೇಪಿನ ಮೇಲೆ ತಾರೀಖು ಬರೆದು, ಕಬ್ಬಿಣದ ಕಪಾಟಿನಲ್ಲಿಟ್ಟು ಕೀಲಿ ಹಾಕಿ, ಹಾಕಿದ ಕೀಲಿಯನ್ನು ಎರಡು ಸಲ ಎಳೆದು ನೋಡಿದ ಮೇಲೆಯೇ ಅವನು ಮೈಲೂರಿನ ಮನೆಗೆ ಹೊರಡುತ್ತಿದ್ದುದು. ತಂದೆಯ ಮಣ್ಣಾದ ದಿನವೂ ಹುಟ್ಟೂರು ಮನ್ನಳ್ಳಿಯಿಂದ ಒದ್ದೆ ತಲೆಯಲ್ಲೇ ಕಾರ್ಖಾನೆಗೆ ಹೋಗಿ ಟೇಪು ಹಾಕಿ ಬಂದಿದ್ದ. ಅದನ್ನು ಮನೆಯವರು ಇನ್ನೂ ಮರೆತಿರಲಿಲ್ಲ.

ಈ ವರ್ಷ ಜುಲೈ ಕೊನೆಗೆ ಅವನೂ ಯಂತ್ರವೂ ಒಂದೇ ದಿನ ನಿವೃತ್ತರಾದರು. ಕಾರ್ಖಾನೆಯ ದಾಖಲೆಗಳು ಹೈದರಾಬಾದಿನ ಯಾವುದೋ ದೊಡ್ಡ ಕಟ್ಟಡದ ಯಂತ್ರಗಳಿಗೆ ಹೋಗಿದ್ದವು. ಹಳೆಯ ಡಿಸ್ಕುಗಳನ್ನು ಗುಜರಿಗೆ ಹಾಕುವ ಮೊದಲು ಒಳಗಿನದೆಲ್ಲವನ್ನೂ ಮೂರು ಸಲ ಅಳಿಸಬೇಕೆಂಬುದು ನಿಯಮ. ಅದಕ್ಕೆ ಮೊದಲು ಮಚ್ಛೇಂದ್ರ ಒಂದು ವಾರ ಕಾರ್ಖಾನೆಯೆಲ್ಲ ತಿರುಗಿ, "ನಿಮ್ಮ ಸ್ವಂತದ್ದೇನರ ಇದ್ರ ಒಯ್ಯಿರಿ, ಆಮ್ಯಾಲ ನನಗ ಅನಬ್ಯಾಡ್ರಿ" ಎಂದು ಎಲ್ಲರ ಜೀವ ತಿಂದ. ಪ್ಯಾಕಿಂಗಿನ ಶಾಂತಾಬಾಯಿಯ ಮಗಳ ಮದುವೆ ಫೋಟೊಗಳನ್ನು ತಾನೇ ಹುಡುಕಿ ಪೆನ್ ಡ್ರೈವಿಗೆ ಹಾಕಿ ಕೊಟ್ಟ. ಅಳಿಸುವ ಕೆಲಸವನ್ನು ಬೇರೆಯವರ ಕೈಗೆ ಕೊಡಲು ಮನಸ್ಸಾಗದೆ ತಾನೇ ಕೂತು ಮಾಡಿದ. ಶಾಲು, ತೆಂಗಿನಕಾಯಿ, ಒಂದು ಗೋಡೆ ಗಡಿಯಾರ ಹಿಡಿದುಕೊಂಡು ಮನೆಗೆ ಬಂದ.

ಮನೆಯಲ್ಲಿ ಮೂವರು ಹೆಂಗಸರು. ಹೆಂಡತಿ ಮಹಾಮಾಯಾ, ಒಂಬತ್ತು ತಿಂಗಳು ತುಂಬಿ ಹೆರಿಗೆಗೆ ಬಂದಿದ್ದ ಮಗಳು ಪ್ರಣಾಲಿ, ಒಳಕೋಣೆಯ ಮಂಚದ ಮೇಲೆ ತಾಯಿ ಅಂಜನಾಬಾಯಿ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಮುದುಕಿಯ ಬಲಗೈಯೂ ಮಾತೂ ಹೋಗಿದ್ದವು. ಕಿವಿ ಮಾತ್ರ ನೆಟ್ಟಗಿತ್ತು, ಬುದ್ಧಿ ಅದಕ್ಕಿಂತ ನೆಟ್ಟಗಿತ್ತು. ಬೇಕಾದ್ದನ್ನು ಎಡಗೈಯಿಂದ ಮಂಚದ ಪಟ್ಟಿ ಬಡಿದು ಕೇಳುತ್ತಿದ್ದಳು.

ಮನೆಯಲ್ಲಿ ಕೂತ ಗಂಡಸು ಮೊದಲ ವಾರ ಏನು ಮಾಡಬೇಕೋ ಅದನ್ನೇ ಮಚ್ಛೇಂದ್ರ ಮಾಡಿದ. ಅಡುಗೆಮನೆಗೆ ಕೈ ಹಾಕಿದ. ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿ, ಸಾಸಿವೆಯನ್ನು ಮೇಲಿನ ಕಪಾಟಿಗೂ ಸಕ್ಕರೆಯನ್ನು ಕೆಳಗಿನ ಕಪಾಟಿಗೂ ಹಾಕಿದ.

"ರೀ, ಇಪ್ಪತ್ತೆಂಟು ವರ್ಷ ಕತ್ತಲಾಗೂ ಕೈ ಹಾಕಿ ಉಪ್ಪು ತಗದಾಕಿ ನಾ. ಈಗ ಓದಿ ಓದಿ ಅಡಗಿ ಮಾಡ್ಲೇನು?" ಎಂದಳು ಮಹಾಮಾಯಾ.

"ಎಲ್ಲಾ ಒಂದು ಪದ್ಧತಿಲೇ ಇರ್ಬೇಕು."

"ಪದ್ಧತಿ ಕಾರ್ಖಾನ್ಯಾಗ ಬಿಟ್ಟು ಬರ್ರಿ."

ಆ ರಾತ್ರಿ ಊಟಕ್ಕೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಪ್ರಣಾಲಿ ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತು, ರೊಟ್ಟಿ ಮುರಿಯುತ್ತ ಕೇಳಿದಳು. "ಪಪ್ಪಾ, ಆಯಿ ಪದ ತಂದ್ರಿ?"

"ಯಾವ ಪದ?"

"ಯಾವ ಪದ ಅಂತ ಕೇಳ್ತೀರಲ್ಲ! ತೊಟ್ಟಿಲ ಪದರಿ. ನೀವೇ ರೆಕಾರ್ಡ್ ಮಾಡಿದ್ರಿ. ಕೂಸಿನ ಹೆಸರಿಡೂ ದಿನ ಆಯಿ ದನಿ ಮನ್ಯಾಗ ಕೇಳ್ಬೇಕು ನನಗ. ಅತ್ತಿ ಮನ್ಯಾಗ ಎಲ್ಲರಿಗೂ ಹೇಳೀನಿ."

ಒಳಗಿನಿಂದ ಮಂಚದ ಪಟ್ಟಿ ಎರಡು ಸಲ ಬಡಿದ ಸದ್ದಾಯಿತು. ಮೊಮ್ಮಗಳು ಆಯಿ ಎಂದದ್ದನ್ನು ಮುದುಕಿಯೂ ಕೇಳಿಸಿಕೊಂಡಿದ್ದಳು.

ಈ ಪದಗಳ ಸಂಗತಿ ಇಷ್ಟು. ಮನ್ನಳ್ಳಿಯಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಲಿ, ಅಂಜನಾಬಾಯಿಗೆ ಕರೆ ಬರುತ್ತಿತ್ತು. ಅವಳು ಹಗ್ಗ ಹಿಡಿದು ನಿಂತಲ್ಲೇ ಆ ಕೂಸಿಗೆಂದೇ ಒಂದು ನುಡಿ ಕಟ್ಟಿ ಹಾಡುತ್ತಿದ್ದಳು. ಕೂಸು ಹುಟ್ಟಿದ ಹೊತ್ತು, ಅವರ ಮನೆಯ ಕಷ್ಟ, ಸುಖ ಎಲ್ಲ ಅದರೊಳಗೆ ಬರುತ್ತಿದ್ದವು. ಒಮ್ಮೆ ಕಟ್ಟಿದ್ದನ್ನು ಅವಳು ಮರೆಯುತ್ತಿರಲಿಲ್ಲ. ಹದಿನಾರು ವರ್ಷದ ಹಿಂದೆ ಮಚ್ಛೇಂದ್ರ ಕಂಪ್ಯೂಟರನ್ನು ಮನೆಗೆ ತಂದು, ತಾಯಿಯ ಮುಂದೆ ಮೈಕು ಇಟ್ಟು, ಎಂಟು ದಿನ ಕೂತು ನಲವತ್ತೊಂದು ನುಡಿ ರೆಕಾರ್ಡ್ ಮಾಡಿದ್ದ. ಒಯ್ದು ಕಾರ್ಖಾನೆಯ ಯಂತ್ರದಲ್ಲಿ ತನ್ನ ಖಾತೆಯೊಳಗೆ ಇಟ್ಟಿದ್ದ. ಆಗಿನ ಮ್ಯಾನೇಜರು ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟಿದ್ದರು. ಭಾಲ್ಕಿಯಲ್ಲಿ ಸಾಲಿ ಮಾಸ್ತರನಾಗಿದ್ದ ತಮ್ಮ ಅನೀಲಕುಮಾರ ಪೆನ್ ಡ್ರೈವ್ ಹಿಡಿದುಕೊಂಡು ಬಂದು, ನನಗೂ ಒಂದು ಕಾಪಿ ಕೊಡು ಎಂದಾಗ ಕೊಟ್ಟಿರಲಿಲ್ಲ. "ಅದು ಕಳೀತದ, ವೈರಸ್ ಬರ್ತದ. ನನ್ನ ಹತ್ರ ಇದ್ರ ನೂರು ವರ್ಷ ಇರ್ತದ" ಎಂದಿದ್ದ.

ಈಗಲೂ ಅದೇ ದನಿಯಲ್ಲಿ ಹೇಳಿದ. "ಯಂತ್ರ ಅಳಿಸೀನಿ. ಆದ್ರ ಟೇಪಿನ್ಯಾಗ ಇರ್ತಾವ. ನಾಳಿಗಿ ಹೋಗಿ ತರ್ತೇನಿ."

ಮರುದಿನ ಕೊಳಾರದಲ್ಲಿ ಗೌರವ ಎಂಬಾತ ಅವನನ್ನು ಎದ್ದು ನಿಂತು ಬರಮಾಡಿಕೊಂಡ. ಮಚ್ಛೇಂದ್ರನ ಜಾಗಕ್ಕೆ ಬಂದ ಅಧಿಕಾರಿ, ಮೂವತ್ತೈದರ ಆಸುಪಾಸು. ಚಹಾ ತರಿಸಿ, ಕಪಾಟಿನ ಕೀಲಿ ಕೊಟ್ಟ. ಮಚ್ಛೇಂದ್ರ ಕೊನೆಯ ಟೇಪನ್ನು ಇನ್ನೂ ಉಳಿದಿದ್ದ ಟೇಪಿನ ಮಷೀನಿಗೆ ಹಾಕಿ, ಅದರಲ್ಲಿ ಏನೇನಿದೆ ಎಂದು ಪಟ್ಟಿ ತೆಗೆದ. ಎಲ್ಲರ ಖಾತೆಯೂ ಇತ್ತು. ಹದಿನೈದು ವರ್ಷದ ಹಿಂದೆ ಕೆಲಸ ಬಿಟ್ಟುಹೋದ ವಾಚ್‌ಮನ್‌ನ ಹಾಜರಿಯೂ ಇತ್ತು. ಮಚ್ಛೇಂದ್ರನ ಖಾತೆ ಇರಲಿಲ್ಲ. ಹಿಂದಿನ ತಿಂಗಳ ಟೇಪು ಹಾಕಿದ. ಹಿಂದಿನ ವರ್ಷದ್ದು ಹಾಕಿದ. ಹತ್ತು ವರ್ಷದ ಹಿಂದಿನದು ಹಾಕಿದ.

"ಸರ್, ಟೇಪು ಬರೆಯೂ ಸ್ಕ್ರಿಪ್ಟೂ ಟೇಪಿನ್ಯಾಗೇ ಅದ, ಒಮ್ಮೆ ನೋಡೂಣೇನ್ರಿ?" ಎಂದ ಗೌರವ.

ಆ ಸ್ಕ್ರಿಪ್ಟ್, ಎಂದರೆ ದಿನಾ ಏನೇನನ್ನು ಟೇಪಿಗೆ ಇಳಿಸಬೇಕೆಂದು ಯಂತ್ರಕ್ಕೆ ಬರೆದಿಟ್ಟ ಅಪ್ಪಣೆ, ಮಚ್ಛೇಂದ್ರನ ಕೈಯದೇ. ಯಂತ್ರ ನಾಲ್ಕು ಸಲ ಬದಲಾದರೂ ಅದನ್ನು ಮಾತ್ರ ಹಾಗೇ ಎತ್ತಿ ತಂದಿದ್ದ. ಹನ್ನೊಂದನೆಯ ಸಾಲಿನಲ್ಲಿ ಇತ್ತು: ಮಚ್ಛೇಂದ್ರನ ಖಾತೆಯನ್ನು ಬಿಡತಕ್ಕದ್ದು. ಅದರ ಮೇಲೆ ಕಾರಣವನ್ನೂ ಬರೆದಿದ್ದ. ಟೇಪು ಕಾರ್ಖಾನೆಯ ದುಡ್ಡಿನದು, ನನ್ನ ಸ್ವಂತದ್ದು ಅದರ ಮೇಲೆ ಬರಬಾರದು. ಕೆಳಗೆ ಹೆಸರು, ತಾರೀಖು, 1998.

ಅವನಿಗೆ ನೆನಪಾಯಿತು. ಆಗ ಅವನಿಗೆ ಮೂವತ್ತೆರಡು. ಇಂಥ ಊರಿಂದ, ಇಂಥ ಓಣಿಯಿಂದ ಬಂದವನು ಎಂದು ಯಾರೂ ಬೆರಳು ಮಾಡಬಾರದು, ಒಂದು ಗುಂಡುಸೂಜಿಯಷ್ಟೂ ಕಂಪನಿಯದು ತನಗೆ ಬೇಡ ಎಂಬ ಹಟವಿತ್ತು. ಉಳಿದವರೆಲ್ಲರ ಮದುವೆ ಫೋಟೊ, ಮಕ್ಕಳ ಫೋಟೊ ಟೇಪಿಗೆ ಹೋದವು. ತನ್ನದನ್ನು ಮಾತ್ರ ಬಿಟ್ಟ. ಬರೆದ, ಮರೆತ. ಆ ಮರೆವಿನ ಮೇಲೆ ಹನ್ನೊಂದು ವರ್ಷದ ನಂತರ ತಾಯಿಯ ಪದಗಳನ್ನು ತಂದಿಟ್ಟ.

"ಡಿಸ್ಕಿನ್ಯಾಗಿಂದ ಏನರ ತಗೀಲಿಕ್ಕಿ ಬರ್ತದೇನ್ರಿ ಸರ್?"

"ಮೂರು ಸಲ ಅಳಿಸೀನಿ" ಎಂದ ಮಚ್ಛೇಂದ್ರ. "ನಾನು ಅಳಿಸಿದ್ದು ತಗೀಲಿಕ್ಕಿ ಬರೂದಿಲ್ಲ."

ಹೇಳುವಾಗ ದನಿಯಲ್ಲಿ ಹಳೆಯ ಹೆಮ್ಮೆ ಇಣುಕಿತ್ತು. ಹೊರಗೆ ಬಂದು ಸ್ಕೂಟರಿಗೆ ಕೀಲಿ ಹಾಕುವಾಗ ಆ ಹೆಮ್ಮೆ ನೆನಪಾಗಿ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಮನೆಯಲ್ಲಿ ನಿಜ ಹೇಳಲಿಲ್ಲ. "ಟೇಪಿನ ಮಷೀನ ಕೆಟ್ಟದ, ರಿಪೇರಿಗಿ ಹೈದರಾಬಾದಕ್ಕ ಹೋಗ್ಯಾದ" ಎಂದ. ನಾಲ್ಕು ದಿನ ಬಿಟ್ಟು, ಇನ್ನೂ ಬಂದಿಲ್ಲ ಎಂದ. ಮತ್ತೊಮ್ಮೆ, ಬಂದದ ಆದ್ರ ಬೇರೆ ವೈರು ಬೇಕು ಎಂದ. ಸುಳ್ಳು ಹೇಳಿ ರೂಢಿಯಿಲ್ಲದವನು, ಒಂದೊಂದಕ್ಕೂ ಬೇಡದಷ್ಟು ವಿವರ ಸೇರಿಸುತ್ತಿದ್ದ. ಮಹಾಮಾಯಾ ರೊಟ್ಟಿ ಬಡಿಯುತ್ತ ಅವನ ಮುಖ ನೋಡುತ್ತಿದ್ದಳು.

ಆಗಸ್ಟ್ ಹದಿನೆಂಟಕ್ಕೆ ಪ್ರಣಾಲಿಗೆ ಹೆಣ್ಣು ಕೂಸಾಯಿತು. ಮನೆಯಲ್ಲಿ ಅಳವಿ ಪಾಯಸ, ಸಬ್ಬಸಗಿ ಪಲ್ಯ, ಬಿಸಿನೀರು, ಸಾಂಬ್ರಾಣಿ ಹೊಗೆ. ಮಚ್ಛೇಂದ್ರನಿಗೆ ದಿನಾ ಬೆಳಿಗ್ಗೆ ಹಾಲು ತರುವುದು, ಕೂಸಿನ ಬಟ್ಟೆ ಒಣಹಾಕುವುದು. ಕೂಸಿನ ಬಟ್ಟೆಗಳನ್ನು ಅಳತೆಯ ಪ್ರಕಾರ ಸಾಲಾಗಿ ಒಣಹಾಕುತ್ತಿದ್ದ, ಅದನ್ನು ನೋಡಿ ಮಗಳು ನಗುತ್ತಿದ್ದಳು. ನಕ್ಕು, "ಪಪ್ಪಾ, ಆ ಪದ?" ಎನ್ನುತ್ತಿದ್ದಳು.

ಕೂಸು ನೋಡಲು ಅನೀಲಕುಮಾರ ಭಾಲ್ಕಿಯಿಂದ ಬಂದ. ಒಂದು ಡಬ್ಬಿ ತುಪ್ಪ, ಅಂಟಿನ ಉಂಡಿ ತಂದಿದ್ದ. ಊಟಕ್ಕೆ ಕೂತಾಗ ಎದುರಿಗೇ ಕೇಳಿದ.

"ಅಣ್ಣಾ, ಕೊಳಾರದಾಗ ನನ್ನ ಹಳೇ ವಿದ್ಯಾರ್ಥಿ ಒಬ್ಬ ಇದ್ದಾನ. ಟೇಪಿನ ಮಷೀನ ಚೊಲೋ ಅದ ಅಂದ."

ಮಚ್ಛೇಂದ್ರ ಅನ್ನ ಕಲಸುತ್ತಲೇ ಇದ್ದ.

"ಖರೇ ಹೇಳು. ಅವ್ವನ ಪದ ಎಲ್ಲಿ ಅವ?"

"ಇಲ್ಲ."

"ಇಲ್ಲ ಅಂದ್ರ?"

"ಹೋಗ್ಯಾವ. ನಾನೇ ಅಳಿಸೀನಿ. ಟೇಪಿನ್ಯಾಗೂ ಇಲ್ಲ." ಹನ್ನೊಂದನೆಯ ಸಾಲಿನ ಸಂಗತಿಯನ್ನು ಹೇಳಿದ. ಹೇಳಿ ಮುಗಿಸುವವರೆಗೆ ಯಾರೂ ತುತ್ತು ಎತ್ತಲಿಲ್ಲ.

"ಒಂದು ಪೆನ್ ಡ್ರೈವ್ ಕೇಳಿದ್ನಲ್ಲೋ ನಾ!" ಅನೀಲಕುಮಾರ ತಾಟು ಸರಿಸಿದ. "ಕೈ ಮುಗದು ಕೇಳಿದ್ನಿ. ನಿನ್ನ ಹತ್ರ ನೂರು ವರ್ಷ ಇರ್ತದ ಅಂದಿ. ಅವ್ವ ನಿನಗಷ್ಟೇ ಅವ್ವ ಏನು?"

"ನಾ ಬೇಕಂತ ಮಾಡಿನೇನು?"

"ಬೇಕಂತ ಮಾಡಿದ್ರ ಸಿಟ್ಟರ ಬರ್ತಿತ್ತು. ಶಾಂತಾಬಾಯಿ ಮಗಳ ಫೋಟೊ ನೆನಪಿತ್ತು ನಿನಗ. ಕಾರ್ಖಾನಿ ಮಂದಿದೆಲ್ಲಾ ನೆನಪಿತ್ತು. ಇರ್ಲಿ, ಎಂಟು ದಿನ ಎದುರಿಗಿ ಕೂತಿದ್ದಿ. ಒಂದು ನುಡಿ ಹೇಳು. ಹೋಗ್ಲಿ, ನಿನ್ನ ನುಡಿನೇ ಹೇಳು. ಅವ್ವ ನಿನ್ನ ಮ್ಯಾಲ ಕಟ್ಟಿದ್ದು."

ಮಚ್ಛೇಂದ್ರನಿಗೆ ಫೈಲುಗಳ ಹೆಸರು ನೆನಪಿದ್ದವು. ಒಂದರಿಂದ ನಲವತ್ತೊಂದು. ಯಾವುದು ಎಷ್ಟು ದೊಡ್ಡದು ಎಂಬುದೂ ನೆನಪಿತ್ತು. ಹದಿನೇಳನೆಯದು ಎಲ್ಲಕ್ಕಿಂತ ಉದ್ದ, ಮೂವತ್ತನೆಯದರಲ್ಲಿ ಹೊರಗೆ ನಾಯಿ ಬೊಗಳಿದೆ. ತಾಯಿ ಹಾಡುವಾಗ ಅವನು ಪರದೆಯ ಮೇಲೆ ಏರಿ ಇಳಿಯುವ ಹಸಿರು ಪಟ್ಟಿಯನ್ನು ನೋಡುತ್ತಿದ್ದ. ಒಂದು ಸಾಲೂ ಬಾಯಿಗೆ ಬರಲಿಲ್ಲ.

ಪ್ರಣಾಲಿ ಕೂಸನ್ನೆತ್ತಿಕೊಂಡು ಒಳಗೆ ಹೋದಳು. ಮೂರು ದಿನ ಅವನೊಂದಿಗೆ ಮಾತಾಡಲಿಲ್ಲ. ಮುದುಕಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು, ಆದರೆ ಆ ದಿನ ಮಂಚ ಬಡಿಯಲಿಲ್ಲ. ಸಂಜೆ ಅವನು ಚಮಚೆಯಿಂದ ಗಂಜಿ ಕುಡಿಸಲು ಹೋದಾಗ ಸುಮ್ಮನೆ ಬಾಯಿ ತೆರೆದಳು. ಅದು ಅವನಿಗೆ ಬೈಗುಳಕ್ಕಿಂತ ಹೆಚ್ಚಾಯಿತು. ಚಮಚೆ ಕೆಳಗಿಟ್ಟು ಅತ್ತುಬಿಟ್ಟ.

ದಾರಿ ತೋರಿಸಿದವಳು ಮಹಾಮಾಯಾ. "ಔರಾದದಾಗ ಕುಲಸುಮಬೀ ಖಾಲಾ ಇದ್ದಾರಲ್ರಿ. ಅತ್ತಿಯವರ ಜೋಡಿ ಹಾಡ್ಲಿಕ್ಕಿ ಹೋಗ್ತಿದ್ರು. ಹೋಗಿ ಕೇಳ್ರಿ."

ಔರಾದಿನ ಬಸ್ಸಿನಲ್ಲಿ ಕೂತು ಹೋದ. ಕುಲಸುಮಬೀ ಮನ್ನಳ್ಳಿಯಲ್ಲಿ ಪಕ್ಕದ ಮನೆಯವಳು, ಈಗ ಮಗಳು ಜಾಹೇದಾಳ ಹತ್ತಿರ ಇದ್ದಳು. ಕಣ್ಣಿಗೆ ಪೊರೆ ಬಂದಿತ್ತು. ಅವನ ಗಲ್ಲ ಮುಟ್ಟಿ ನೋಡಿ ಗುರುತು ಹಿಡಿದಳು.

"ಅಂಜನಾನ ಮಚ್ಛೂ ಏನೋ? ಬಾ ಬೇಟಾ. ಇಷ್ಟು ವರ್ಷಕ್ಕ ದಾರಿ ಸಿಕ್ಕಿತೇನು?"

"ಕೆಲಸ ಇತ್ತು ಖಾಲಾ."

"ಹಾಂ, ಕೆಲಸ. ನಿಮ್ಮವ್ವನೂ ಅದೇ ಹೇಳ್ತಿದ್ದಳು."

ಜಾಹೇದಾ ಚಹಾ, ಬಿಸ್ಕೀಟು ತಂದಿಟ್ಟಳು. ಅವನು ಬಂದ ಕಾರಣ ಹೇಳಿದ. ಕುಲಸುಮಬೀ ತಲೆ ಅಲ್ಲಾಡಿಸಿದಳು.

"ಹಾಡಾಕಿ ಅವಳೋ ಬೇಟಾ. ನಾ ಹಿಂದಿಂದ ದನಿ ಕೊಡಾಕಿ. ಅವಳ ಒಂದು ನುಡಿ ಮುಗದ ಕೂಡ್ಲೇ ನಾ ಅನ್ನೂದು, ಹೌದವ್ವಾ ಹೌದ, ಕೂಸು ನಗತಾದ. ಅಷ್ಟೇ ನನ್ನ ಪಾಲು. ಅದೊಂದೇ ಬರ್ತದ." ಹೇಳಿ, ನಡುಗುವ ದನಿಯಲ್ಲಿ ಅದನ್ನು ಹಾಡಿಯೂ ತೋರಿಸಿದಳು.

"ನನ್ನ ನುಡಿ ಏನಿತ್ತು ಖಾಲಾ?"

"ನಿಂದು ಛಲೋ ನೆನಪದ. ಅಂದ್ರ ಮಾತಲ್ಲ. ನಿನ್ನ ತೊಟ್ಟಲಕ್ಕ ಅವಳು ಎರಡು ಸಾಲು ಹಾಡಿದ ಕೂಡ್ಲೇ ಓಣಿ ಹೆಂಗಸರೆಲ್ಲಾ ಸೆರಗು ಕಣ್ಣಿಗಿ ಹಚ್ಚಿದ್ರು. ನನಗೂ ದನಿ ಕೊಡ್ಲಿಕ್ಕಿ ಆಗ್ಲಿಲ್ಲ. ಏನಂದಿದ್ದಳು? ಅಲ್ಲಾ, ಏನಂದಿದ್ದಳು..." ಮುದುಕಿ ಹಣೆ ತಟ್ಟಿಕೊಂಡಳು. "ಹೋಗ್ಯಾದ ಬೇಟಾ. ನಿನ್ನ ಹತ್ರ ಇರ್ತದ ಅಂತ ನಾವು ಮರತ್ವಿ."

ಬಸ್ಸಿನಲ್ಲಿ ಬರುವಾಗ ಅವನು ಕುಲಸುಮಬೀ ಹೇಳಿದ ಆ ಒಂದು ಸಾಲನ್ನು ತುಟಿಯೊಳಗೇ ಹೇಳಿಕೊಳ್ಳುತ್ತ ಬಂದ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬಹುದಿತ್ತು. ಕೈ ಜೇಬಿಗೆ ಹೋಗಿತ್ತು, ತಾನಾಗಿಯೇ ಹಿಂದೆ ಬಂದಿತ್ತು.

ಹೆಸರಿಡುವ ದಿನ ಮೈಲೂರಿನ ಮನೆ ತುಂಬಿತ್ತು. ಗೋಡೆಯ ಮೇಲೆ ಬಾಬಾಸಾಹೇಬರ ಮತ್ತು ಬುದ್ಧನ ಫೋಟೊಗಳಿಗೆ ಹೂವು. ಬುದ್ಧ ವಂದನೆ ಮುಗಿಯಿತು. ಒಲೆಯ ಮೇಲೆ ಗುಗ್ಗರಿ ಕುದಿಯುತ್ತಿತ್ತು, ಬೀಗರಿಗೆ ಹುಗ್ಗಿ. ಭಾಲ್ಕಿಯಿಂದ ಅನೀಲಕುಮಾರ ಬಂದಿದ್ದ, ಅಣ್ಣನಿಗೆ ನಮಸ್ಕಾರವನ್ನಷ್ಟೇ ಮಾಡಿದ. ಅಂಜನಾಬಾಯಿಯನ್ನು ಕುರ್ಚಿಯ ಮೇಲೆ ಕೂರಿಸಿ ತೊಟ್ಟಿಲ ಹತ್ತಿರ ತಂದರು. ಕೂಸಿಗೆ ಮಾನಸಿ ಎಂದು ಹೆಸರಿಟ್ಟರು.

ಹೆಸರಿಟ್ಟ ಮೇಲೆ ಯಾರಾದರೂ ಹಾಡಬೇಕು. ಪ್ರಣಾಲಿಯ ಅತ್ತೆ, "ಅಜ್ಜಿ ಪದ ಹಚ್ಚತೀವಿ ಅಂದಿದ್ರಲ್ರಿ" ಎಂದರು. ಪ್ರಣಾಲಿ ತಲೆ ತಗ್ಗಿಸಿದಳು. ಮಚ್ಛೇಂದ್ರನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಆಗ ಮಹಾಮಾಯಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಹಗ್ಗ ಹಿಡಿದಳು. ಯಾರನ್ನೂ ನೋಡದೆ ಹಾಡಿದಳು.

"ಮಾಂಜರಿ ಹೊಳಿ ದಾಟಿ ಬಂದಾಳ ಬಂಗಾರಿ, ಹಿಂದ ಬಂದಾವ ಬೆಳ್ಳಕ್ಕಿ ಸಾಲ. ಜೋಳ ತೆನಿಗಟ್ಟೂ ಹೊತ್ತಿಗಿ ಬಂದಾಳ, ತಾಯಿ ಮಡಿಲಾಗ ಕಾಳ ತುಂಬ್ಯಾಳ."

ಅದು ಪ್ರಣಾಲಿಯ ನುಡಿ. ಮುದುಕಿಯ ಎಡಗೈ ಕುರ್ಚಿಯ ಹಿಡಿಕೆಯ ಮೇಲೆ ತಾಳ ಹಾಕತೊಡಗಿತು. ಮಚ್ಛೇಂದ್ರ ಬಾಯಿ ತೆರೆದುಕೊಂಡು ನಿಂತಿದ್ದ. ಇಪ್ಪತ್ತೆಂಟು ವರ್ಷ ಜೊತೆಗಿದ್ದ ಹೆಂಡತಿ ಹಾಡುತ್ತಾಳೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

"ನಿನಗ ಹ್ಯಾಂಗ ಬಂತು?" ಎಂದು ಮೆಲ್ಲಗೆ ಕೇಳಿದ.

"ಎಂಟು ದಿನ ನಾ ಅಲ್ಲೇ ರೊಟ್ಟಿ ಬಡೀತಿದ್ನಲ್ರಿ. ಕಿವಿಗಿ ಬಿದ್ದದ್ದು. ಇದೊಂದು ಪೂರಾ ಬರ್ತದ. ಮತ್ತೊಂದು ಅರ್ಧ."

ಹೆಂಗಸರು ಗುಗ್ಗರಿ ಹಂಚಲು ಎದ್ದರು. ಅಂಜನಾಬಾಯಿಯ ಕೈ ಮಾತ್ರ ನಿಲ್ಲಲಿಲ್ಲ. ಈಗ ತಾಳ ಬೇರೆಯಾಗಿತ್ತು, ನಿಧಾನ. ನಾಲ್ಕು ಪೆಟ್ಟು, ನಡುವೆ ಒಂದು ತಡೆ, ಮತ್ತೆ ಮೂರು. ಅವಳ ಕಣ್ಣು ಮಚ್ಛೇಂದ್ರನ ಮೇಲಿತ್ತು. ತುಟಿ ಒಂದು ಬದಿಗೆ ಎಳೆದು, ಮಾತಿಲ್ಲದ ಸದ್ದು ಹೊರಡುತ್ತಿತ್ತು.

"ಇದು ಯಾವುದು?"

ಮಹಾಮಾಯಾ ಕೇಳಿ, ಮುಖ ಬೇರೆ ಕಡೆ ತಿರುಗಿಸಿದಳು. "ನಿಮ್ಮದುರಿ."

"ಹೇಳು. ಮಾತು ಹೇಳು."

"ನನಗ ಬರೂದಿಲ್ಲ. ಕಡೀ ದಿನ ಅದು. ಅತ್ತಿಯವರು ಶುರು ಮಾಡೂದರಾಗ ನಿಮಗ ಕಾರ್ಖಾನಿ ಫೋನ ಬಂತು. ಅಂಗಳಕ್ಕ ಹೋದ್ರಿ. ಅವರು ಹಾಡೂದು ನಿಂದ್ರಸಿ, ಮಚ್ಛೂ ಬರ್ಲಿ, ಅಂವಂದೇ ಅದ ಅಂದ್ರು. ನೀವು ಕಿಡಕ್ಯಾಗಿಂದ ಕೈ ಮಾಡಿ, ನೀ ಹಾಡವ್ವ, ರೆಕಾರ್ಡ್ ಆಗ್ಲತ್ತದ, ಆಮ್ಯಾಲ ಕೇಳ್ತೇನಿ ಅಂದ್ರಿ. ಅವರು ಆ ಮಷೀನದ ಮುಂದ ಕೂತು ಹಾಡಿದ್ರು."

"ನೀ ಕೇಳಿದ್ಯಲ್ಲ?"

"ಶುರುವಿನ ತಾಳಷ್ಟೇ ಕಿವಿಗಿ ಬಿತ್ತು, ಒಳಗಿನ ಒಲಿ ಮ್ಯಾಲ ಹಾಲು ಉಕ್ಕಲತ್ತಿತ್ತುರಿ. ನಾ ಒಳಗ ಓಡಿದ್ನಿ. ಬರೂದರಾಗ ಮುಗದಿತ್ತು."

ಮಚ್ಛೇಂದ್ರನಿಗೆ ಆ ಕಿಡಕಿ ನೆನಪಾಯಿತು. ಫೋನಿನಲ್ಲಿ ಯಾರು ಮಾತಾಡಿದರು, ಯಾವ ಕೆಲಸವಿತ್ತು, ಒಂದೂ ನೆನಪಾಗಲಿಲ್ಲ. ಹದಿನಾರು ವರ್ಷ ಆ ಫೈಲು ಅವನ ಕೈಯೊಳಗೇ ಇತ್ತು. ಒಂದು ದಿನವೂ ತೆರೆದು ಕೇಳಿರಲಿಲ್ಲ. ಇದ್ದಲ್ಲಿ ಇದೆ ಎಂದು ದಿನಾ ನೋಡಿ, ಕೀಲಿ ಎಳೆದು, ಮನೆಗೆ ಬಂದಿದ್ದ.

ಮುದುಕಿ ತಾಳ ಮುಗಿಸಿ ನಿಲ್ಲಿಸಿದಳು. ಮಗನ ಕಡೆ ನೋಡಿದಳು. ಮತ್ತೆ ಮೊದಲಿನಿಂದ ಸುರುಮಾಡಿದಳು. ನಾಲ್ಕು ಪೆಟ್ಟು, ಒಂದು ತಡೆ, ಮೂರು ಪೆಟ್ಟು.

ಅನೀಲಕುಮಾರ ಜೇಬಿನಿಂದ ಫೋನು ತೆಗೆದು ಮುಂದೆ ಹಿಡಿದ. ಮಚ್ಛೇಂದ್ರ ಅವನ ಕೈಯನ್ನು ಮೆಲ್ಲಗೆ ಕೆಳಗೆ ಒತ್ತಿದ. ತಾಯಿಯ ಕಾಲ ಬಳಿ ನೆಲದ ಮೇಲೆ ಕೂತು, ಅವಳ ಬೆರಳುಗಳನ್ನೇ ನೋಡುತ್ತ, ಕೊನೆಯ ಪೆಟ್ಟು ಬೀಳುವವರೆಗೆ ಕಾದ.

"ಹೌದವ್ವಾ ಹೌದ" ಎಂದ. ದನಿ ಒಡೆಯಿತು, ರಾಗ ತಪ್ಪಿತು. "ಕೂಸು ನಗತಾದ."

ಅಂಜನಾಬಾಯಿ ತಲೆ ಆಡಿಸಿ, ಮುಂದಿನ ನುಡಿಗೆ ಕೈ ಎತ್ತಿದಳು.